ಮೊಂಟಾನಾದ ಮುದಿ ಟಗರು

ಹೊರಡುವ ಮುಂಚೆ

ಅಮೆರಿಕಾಕ್ಕೆ ಹೋಗಿ ಬಂದವರು ಎತ್ತರದ ಕಟ್ಟಡಗಳ ವಿಷಯ ಹೇಳುತ್ತಾರೆ. ಆ ಕಟ್ಟಡಗಳನ್ನು ನಾನೂ ಬಸ್ಸಿನ ಕಿಟಕಿಯಿಂದ ನೋಡಿದೆ. ಕತ್ತು ನೋವು ಬಂತೇ ಹೊರತು ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ನಾನು ಅಲ್ಲಿ ಕಣ್ಣಿಟ್ಟು ನೋಡಿದ್ದು ಟಗರನ್ನು. ಅದನ್ನೇ ಬರೆಯುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆಯ ರೈತರನ್ನು ಕೆಲವು ತಿಂಗಳ ಮಟ್ಟಿಗೆ ಆ ದೇಶಕ್ಕೆ ಕಳಿಸಿ, ಅಲ್ಲಿನ ಒಬ್ಬ ರೈತನ ಮನೆಯಲ್ಲೇ ಇರಿಸಿ ಬೇಸಾಯ ತೋರಿಸುವ ಏರ್ಪಾಟೊಂದಿತ್ತು. ದೊಡ್ಡಬೆಳವಂಗಲದ ಸುತ್ತಮುತ್ತ ರಾಗಿ ಹೊಲ, ಒಂದಿಷ್ಟು ಕುರಿ, ಇಂಟರ್‌ಮೀಡಿಯೆಟ್ ತನಕದ ಇಂಗ್ಲಿಷು ಎಲ್ಲವೂ ಒಟ್ಟಿಗೆ ಇದ್ದವರು ಹೆಚ್ಚು ಜನ ಸಿಕ್ಕಲಿಲ್ಲವೆಂದು ಕಾಣುತ್ತದೆ, ನನಗೇ ಕರೆ ಬಂತು. ನಮ್ಮ ದೊಡ್ಡಪ್ಪನಿಗೆ ಇದು ಸರಿಬರಲಿಲ್ಲ.

“ಕುರಿ ನೋಡಕ್ಕೆ ಅಷ್ಟು ದೂರ ಯಾಕ್ಲಾ ಹೋಗ್ತೀಯ? ದೊಡ್ಡಬಳ್ಳಾಪುರದ ಸಂತೇಲಿ ಕುರಿ ಇಲ್ವಾ?” ಅಂದರು.

ಅವರಿಗೆ ಹಾಗೆ ಕೇಳುವುದಕ್ಕೆ ಹಕ್ಕಿತ್ತು. ಊರ ಮಾರಮ್ಮನಿಗೆ ಟಗರು ಆರಿಸಿ ತರುವ ಕೆಲಸ ಅವರದು. ಜೊತೆಗೆ ಹೋಗಿ ಹೋಗಿ ಆ ವಿದ್ಯೆ ನನಗೂ ಅಂಟಿತ್ತು. ಅಮ್ಮನಿಗೆ ಕೊಡುವ ಟಗರು ಎಳೆಯದಾಗಿರಬೇಕು. ಎರಡು ಕೊಂಬೂ ಸಮವಾಗಿರಬೇಕು, ಕಿವಿ ಹರಿದಿರಬಾರದು, ಮೈಮೇಲೆ ಎಲ್ಲೂ ಊನ ಇರಬಾರದು. ಇದು ಅರ್ಧ ವಿದ್ಯೆ. ಉಳಿದರ್ಧ ಬಾಯಿಯದು. ಬೇಕಾದ ಪ್ರಾಣಿಯನ್ನು ಹೊಗಳಕೂಡದು. ಹೊಗಳಿದರೆ ಮಾರುವವನು ಬೆಲೆ ಏರಿಸುತ್ತಾನೆ, ಮೇಲೆ ದೃಷ್ಟಿಯೂ ತಗಲುತ್ತದೆ. ಆದ್ದರಿಂದ ಮನಸ್ಸಿಗೆ ಬಂದ ಟಗರಿನ ಮುಂದೆಯೇ ನಿಂತು ಬಾಯಿಗೆ ಬಂದ ಹಾಗೆ ಹಳಿಯಬೇಕು. “ಏನಪ್ಪಾ, ಟಗರು ಅಂತ ನಾಯಿಮರಿ ಹಿಡ್ಕೊಂಡು ಬಂದಿದ್ದೀಯ” ಎಂದು ದೊಡ್ಡಪ್ಪ ಮೂಗು ಮುರಿದರೆ, ಆ ಟಗರು ಸಂಜೆಗೆ ನಮ್ಮೂರಿಗೆ ಬಂತೆಂದೇ ಲೆಕ್ಕ.

ಗೋಡೆಯ ಮೇಲಿನ ತಲೆ

ನನ್ನನ್ನು ಮನೆಯಲ್ಲಿಟ್ಟುಕೊಂಡವರ ಹೆಸರು ಹ್ಯಾರಲ್ಡ್. ಅವರ ಊರು ಮೊಂಟಾನಾ ಎಂಬ ರಾಜ್ಯದಲ್ಲಿ, ಬೆಟ್ಟಗಳ ಬುಡದಲ್ಲಿತ್ತು. ಊರು ಎನ್ನುವುದು ಮಾತಿಗೆ. ನಮ್ಮಲ್ಲಿ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಅಲ್ಲಿ ಕೂಗಿದರೆ ಕೂಗಿದವನಿಗೇ ನಾಚಿಕೆಯಾಗಬೇಕು.

ಹ್ಯಾರಲ್ಡರಿಗೆ ಅರವತ್ತು ದಾಟಿತ್ತು. ಆ ದೇಶದಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ, “ಯಜಮಾನ್ರೇ” ಅಂದೆ. ಅದರ ಅರ್ಥ ಕೇಳಿಕೊಂಡು, ಈ ಮನೆಯಲ್ಲಿ ಆ ಪದವಿ ಹೆಂಡತಿಗೆ ಸೇರಬೇಕಾದ್ದು ಎಂದರು. ನನ್ನನ್ನು ಅವರು ಗೌಡ ಎಂದರು. ಆಡಿದ್ದೆಲ್ಲ ಇಂಗ್ಲಿಷೇ. ಆದರೆ ಸ್ವಲ್ಪ ದಿನದಲ್ಲೇ ಆ ಮಾತು ನನ್ನ ಕಿವಿಯಲ್ಲಿ ನಮ್ಮ ಸೀಮೆಯ ಮಾತಾಗಿಬಿಟ್ಟಿತ್ತು. ಈಗ ನೆನಪಿಗೆ ಬರುವುದೂ ಹಾಗೆಯೇ, ಬರೆಯುವುದೂ ಹಾಗೆಯೇ.

ಅವರ ಹೆಂಡತಿ ಎಡ್ನಾ ಕುರಿ ಮಾಂಸವನ್ನು ಉಪ್ಪು ಹಾಕಿ ಬೇಯಿಸಿ, ಬೆಂದ ನೀರನ್ನು ಬಸಿದು, ತಟ್ಟೆಗೆ ಹಾಕುತ್ತಿದ್ದರು. ಸಾರು ಮಾಡಬೇಕಾದ ನೀರು ಮೋರಿಗೆ ಹೋಗುವುದನ್ನು ನೋಡಿ ಮೊದಲ ದಿನ ನನಗೆ ನಿಜಕ್ಕೂ ಸಂಕಟವಾಯಿತು. ನಾನು ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಖಾರದ ಪುಡಿಯನ್ನು ಮರ್ಯಾದೆಗೆಂದು ಅವರಿಗೂ ಕೊಟ್ಟೆ. ಒಂದು ಚಮಚ ತಿಂದು, ಎದ್ದು ಹೋಗಿ, ಹಾಲಿನ ಪಾತ್ರೆಯನ್ನೇ ಎತ್ತಿ ಕುಡಿದರು. ಆಮೇಲೆ ಆ ಪುಡಿಯನ್ನು ಔಷಧಿಗಳ ಪಕ್ಕದಲ್ಲಿ ಇಟ್ಟರು.

ಊಟದ ಮೇಜಿನ ಎದುರು ಗೋಡೆಯ ಮೇಲೆ ಒಂದು ಕಾಡು ಟಗರಿನ ತಲೆ ತೂಗುಹಾಕಿದ್ದರು. ನಮ್ಮ ಟಗರಿನ ಕೊಂಬು ಇದರ ಮುಂದೆ ಆಟದ ಸಾಮಾನು. ಬುಡದಲ್ಲಿ ನನ್ನ ಮೀನಖಂಡದಷ್ಟು ದಪ್ಪ. ಹಿಂದಕ್ಕೆ ಹೋಗಿ, ಕೆಳಗಿಳಿದು, ಕೆನ್ನೆಯ ಪಕ್ಕದಿಂದ ಮುಂದಕ್ಕೆ ಬಂದಿತ್ತು. ಎರಡೂ ಸಮ, ತುದಿ ಚೂಪು, ಒಂದು ಬಿರುಕಿಲ್ಲ. ಮಾರಾಟಕ್ಕಿಟ್ಟ ಪ್ರಾಣಿಯಲ್ಲವಲ್ಲ ಎಂದು ಧೈರ್ಯವಾಗಿ ಹೊಗಳಿದೆ. ಎಡ್ನಾ ತಟ್ಟೆ ನೋಡಿಕೊಂಡು ನಕ್ಕರು. ಹ್ಯಾರಲ್ಡ್ ನಗಲಿಲ್ಲ.

“ಅದು ಹುಡುಗ ಕಣೋ. ಹೊಡೀಬಾರ್ದಾಗಿತ್ತು,” ಅಂದರು. “ಆಗ ನಂಗೂ ಬುದ್ಧಿ ಇರ್ಲಿಲ್ಲ, ಅದಕ್ಕೂ ಇರ್ಲಿಲ್ಲ.”

ಅಲ್ಲಿ ಕಾಡು ಟಗರನ್ನು ಹೊಡೆಯಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಅರ್ಜಿ ಹಾಕಿದವರ ಹೆಸರಿನ ಚೀಟಿ ಎತ್ತುತ್ತಾರೆ. ಎಷ್ಟೋ ಜನಕ್ಕೆ ಇಡೀ ಜೀವಮಾನದಲ್ಲಿ ಚೀಟಿ ಬರುವುದಿಲ್ಲ. ಬಂದು ಒಂದು ಟಗರು ಹೊಡೆದವರು ಆಮೇಲೆ ಬಹಳ ವರ್ಷ ಅರ್ಜಿ ಹಾಕುವಂತಿಲ್ಲ. ಹ್ಯಾರಲ್ಡ್ ಗೋಡೆಯ ಮೇಲಿನದನ್ನು ಹೊಡೆದದ್ದು ಮದುವೆಗೆ ಮುಂಚೆ. ಆ ಗಡುವು ಕಳೆದಲ್ಲಿಂದ ಅರ್ಜಿ ಹಾಕುತ್ತಾ ಹಾಕುತ್ತಾ ಮುದುಕರಾಗಿ, ನಾನಿದ್ದ ವರ್ಷ ಹೆಸರು ಬಂದಿತ್ತು. ಅಷ್ಟರಲ್ಲಿ ಮಂಡಿ ಕೈಕೊಟ್ಟಿತ್ತು.

“ಆ ಮಂಡಿಗೆ ಇದೇ ಕೊನೇ ಬೆಟ್ಟ,” ಎಂದರು ಎಡ್ನಾ. “ಬರೀ ಕೈಲಿ ಬಂದ್ರೆ ನಂಗೇನಿಲ್ಲಪ್ಪ. ಇನ್ನೊಂದು ಹುಡುಗನ್ನ ತಂದು ಗೋಡೆಗೆ ನೇತಾಕಿದ್ರೆ ಮಾತ್ರ, ಊಟದ ಹೊತ್ತಲ್ಲಿ ಇವರ ಪೇಚಾಟ ಕೇಳ್ಕೊಂಡು ಕೂರೋಳಲ್ಲ ನಾನು.”

ಒಬ್ಬರನ್ನೇ ಕಳಿಸುವುದಿಲ್ಲ ಎಂದು ಆಕೆ ಹಟ ಹಿಡಿದರು. ಕುರಿಯ ವಿಷಯ ಬಲ್ಲವನೊಬ್ಬ ಮನೆಯಲ್ಲೇ ಬಿಟ್ಟಿ ಕೂತಿದ್ದ. ನಾನು ಹೊರಟಿದ್ದು ಹೀಗೆ.

ಹೊಳೆಯಲ್ಲಿ

ನಮ್ಮ ಕಡೆ ಕುದುರೆ ಎಂದರೆ ಜಟಕಾ ಎಳೆಯುವ ಪ್ರಾಣಿ. ಅದರ ಹಿಂದೆ ಕೂತು ಗೊತ್ತು, ಮೇಲೆ ಕೂತು ಗೊತ್ತಿರಲಿಲ್ಲ. ಹ್ಯಾರಲ್ಡ್ ಕೊಟ್ಟ ಕುದುರೆ ಸಾಧು ಎಂದು ಹೆಸರಾಗಿತ್ತು. ಹೊಳೆಯ ನಡುವೆ ಅದಕ್ಕೆ ಬಾಯಾರಿಕೆಯಾಯಿತು, ತಲೆ ಬಗ್ಗಿಸಿತು. ಲಗಾಮನ್ನು ಬಿಗಿಯಾಗಿ ಹಿಡಿದು ಕೂತಿದ್ದ ನಾನು ಅದರ ಕತ್ತಿನ ಮೇಲಿಂದ ಸಲೀಸಾಗಿ ಜಾರಿ ನೀರಿಗಿಳಿದೆ. ಹ್ಯಾರಲ್ಡ್ ತಿರುಗಿ ನೋಡಿದರು.

“ನೀರು ತಣ್ಣಗಿದ್ಯಾ?”

“ಪರವಾಗಿಲ್ಲ, ಯಜಮಾನ್ರೇ.”

“ಹಂಗಾದ್ರೆ ಬಾ,” ಎಂದು ಮುಂದೆ ಹೋದರು. ಅಲ್ಲಿನವರಿಗೆ ಅಯ್ಯೋ ಎನ್ನುವ ಅಭ್ಯಾಸವಿಲ್ಲ. ನಮ್ಮೂರಾಗಿದ್ದರೆ ಬಿದ್ದವನಿಗಿಂತ ನೋಡಿದವರೇ ಹೆಚ್ಚು ಕೂಗಾಡಿ, ಇನ್ನೂ ಹತ್ತು ವರ್ಷ ಅದನ್ನೇ ಹೇಳಿ ನಗುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಸುಮ್ಮನೆ ಭಾರವೆಂದು ಮನೆಯವರೆಲ್ಲ ಬೈದಿದ್ದ ಕರಿ ಕಂಬಳಿ ಆ ದಿನ ಮಾನ ಉಳಿಸಿತು.

ಬೆಟ್ಟ ದೂರದಿಂದ ನೋಡಲು ಶಿವಗಂಗೆಯನ್ನು ನಾಲ್ಕಾರು ಸಲ ಒಂದರ ಮೇಲೊಂದು ಇಟ್ಟ ಹಾಗಿತ್ತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಹೋದಾಗ ಗೊತ್ತಾಯಿತು, ಕಾಲಿಟ್ಟ ಕಡೆಯಲ್ಲೆಲ್ಲ ಸಡಿಲ ಕಲ್ಲು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ.

ದಾರಿಯಲ್ಲಿ ಇಳಿದು ಬರುತ್ತಿದ್ದ ಒಬ್ಬ ಬೇಟೆಗಾರ ಸಿಕ್ಕಿದ. ಟಗರು ಕಂಡಿತಾ ಎಂದು ಹ್ಯಾರಲ್ಡ್ ಕೇಳಿದರು. ಆತ ಕೈಯೆತ್ತಿ ಅರ್ಧ ಆಕಾಶವನ್ನು ತೋರಿಸಿ “ಆ ಕಡೆ” ಎಂದ. ನೀವು ಯಾವ ಕಡೆ ಹೊರಟಿರಿ ಎಂದು ಆತ ಕೇಳಿದಾಗ ಹ್ಯಾರಲ್ಡ್ ಉಳಿದರ್ಧ ಆಕಾಶವನ್ನು ತೋರಿಸಿದರು. ಇಬ್ಬರೂ ಕೈಕುಲುಕಿ ಬೇರೆಯಾದರು. ಹೀಗೇಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

“ಅವನು ಹೇಳಿದ್ದೂ ಸುಳ್ಳೇ. ನಾನು ನಿಜ ಹೇಳಿದ್ರೆ ಅವನಿಗೆ ಬೇಜಾರಾಗ್ತಿತ್ತು.”

ಇದು ನನಗೆ ಹೊಸದೆನಿಸಲಿಲ್ಲ. ಅಣಬೆ ಸಿಕ್ಕ ಜಾಗವನ್ನು ನಮ್ಮಲ್ಲಿ ಒಡಹುಟ್ಟಿದವರಿಗೂ ಹೇಳುವುದಿಲ್ಲ.

ನೋಡುತ್ತಾ ಕೂರುವುದು

ಬೇಟೆ ಎಂದರೆ ಓಡಾಟ ಎಂದುಕೊಂಡಿದ್ದೆ. ಅದು ಕೂರುವ ಕೆಲಸ. ಬಂಡೆಯ ಮರೆಯಲ್ಲಿ ದೂರದರ್ಶಕವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಎದುರು ಬೆಟ್ಟವನ್ನು ಅಂಗುಲ ಅಂಗುಲವಾಗಿ ನೋಡುತ್ತಾ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದೆವು. ಮಾತೆಲ್ಲ ಪಿಸುಮಾತು. ತಿನ್ನಲು ಒಣಗಿಸಿದ ಮಾಂಸ. ಅದನ್ನು ಅಗಿಯುತ್ತಾ ಕೂತರೆ ಹೊತ್ತು ಹೋಗುವುದೂ ತಿಳಿಯುತ್ತಿರಲಿಲ್ಲ, ಮಾಂಸ ಮುಗಿಯುತ್ತಲೂ ಇರಲಿಲ್ಲ.

ಟಗರುಗಳು ಕಾಣಿಸಿದವು. ಕಂದು ಮೈ, ಹಿಂಭಾಗ ಮಾತ್ರ ಬಿಳಿ. ಕೊಂಬು ಮುಕ್ಕಾಲು ಸುತ್ತು ಬಂದಿರದ ಟಗರನ್ನು ಹೊಡೆಯಬಾರದೆಂಬುದು ಅಲ್ಲಿನ ಕಾನೂನು. ಮುಕ್ಕಾಲು ದಾಟಿದ, ಮೈ ತುಂಬಿದ ಟಗರುಗಳನ್ನೂ ನೋಡಿದೆವು. ಒಂದೊಂದನ್ನು ನೋಡಿದಾಗಲೂ ಇದನ್ನು ಬಿಟ್ಟರೆ ಇನ್ನೆಲ್ಲಿ ಎಂದು ನನಗನ್ನಿಸುತ್ತಿತ್ತು. ಹ್ಯಾರಲ್ಡ್ ಒಂದು ಕಣ್ಣು ಮುಚ್ಚಿ ನೋಡಿ, “ಬೆಳೀಲಿ ಬಿಡು” ಎಂದು ಪಕ್ಕಕ್ಕೆ ಸರಿಯುತ್ತಿದ್ದರು.

ಅವರ ಲೆಕ್ಕ ನನಗೆ ನಿಧಾನವಾಗಿ ಹತ್ತಿತು. ಆ ಕೊಂಬಿನ ಮೇಲೆ ಒಂದೊಂದು ಚಳಿಗಾಲಕ್ಕೆ ಒಂದೊಂದು ಉಂಗುರ ಬೀಳುತ್ತದೆ. ಹೊಡೆಯುವ ಟಗರಿನ ಉಂಗುರ ಒತ್ತೊತ್ತಾಗಿ ಇರಬೇಕು. ತುದಿ ಚೂಪಾಗಿದ್ದರೆ ಎಳೆಯದು, ಬೇಡ. ಕೊಂಬು ಕಣ್ಣಿಗೆ ಅಡ್ಡ ಬಂದಾಗ ಟಗರೇ ಅದನ್ನು ಬಂಡೆಗೆ ಉಜ್ಜಿ ಮೊಂಡು ಮಾಡಿಕೊಳ್ಳುತ್ತದೆ ಎಂದು ಕೆಲವರು, ಕಾಳಗದಲ್ಲಿ ಮುರಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಹೇಗೇ ಆಗಲಿ, ಮುರಿದಿರಬೇಕು. ಮೂಗಿನ ಮೇಲೆ ಗಾಯದ ಕಲೆ ಇರಬೇಕು, ಹೊಟ್ಟೆ ಜೋತಿರಬೇಕು. ದೊಡ್ಡಪ್ಪ ಕಲಿಸಿದ್ದನ್ನೆಲ್ಲ ತಲೆಕೆಳಗೆ ಹಿಡಿದರೆ ಹ್ಯಾರಲ್ಡರ ವಿದ್ಯೆ.

ಮುದಿಯದೇ ಯಾಕೆ ಎಂದು ಕೇಳಿದೆ.

“ಅದರ ಕೆಲಸ ಮುಗಿದಿರುತ್ತೆ, ಗೌಡ. ಮರಿ ಹುಟ್ಸಿದ್ದಾಯ್ತು, ಗುದ್ದಾಡಿದ್ದಾಯ್ತು. ಹಲ್ಲು ಸವೆದು ಇವತ್ತೋ ನಾಳೆಯೋ ಒಂದು ಚಳೀಲಿ ಹಸ್ಕೊಂಡು ಸಾಯುತ್ತೆ. ಅದನ್ನ ತಗೊಂಡ್ರೆ ಬೆಟ್ಟಕ್ಕೇನೂ ನಷ್ಟ ಇಲ್ಲ. ಆ ಗೋಡೆ ಮೇಲಿರೋದನ್ನ ತಗೊಂಡಾಗ ನಷ್ಟ ಆಯ್ತು.”

ಅವರು ಬಹಳ ವರ್ಷ ಯೋಚಿಸಿ ಆಡಿದ ಮಾತದು. ನಾವು ಮಾರಮ್ಮನಿಗೆ ಮುರುಕು ಟಗರು ಒಯ್ದರೆ ಊರು ಸುಮ್ಮನಿರುವುದಿಲ್ಲ. ಕೊಡುವಾಗ ಕೈ ಹಿಂಜರಿಯುವಂಥದ್ದನ್ನೇ ಕೊಡಬೇಕು ಎಂಬುದು ನಮ್ಮ ರೂಢಿ. ಇವರದು ತೆಗೆದುಕೊಳ್ಳುವವರ ಲೆಕ್ಕ, ಯಾರಿಗೂ ಕೊರತೆ ಗೊತ್ತಾಗದ ಹಾಗೆ ತೆಗೆದುಕೊಳ್ಳಬೇಕು. ಹೊಡೆದ ಮೇಲೆ ಮಾಂಸವನ್ನು ಬೆಟ್ಟದಲ್ಲೇ ಬಿಟ್ಟು ಬರುವಂತಿಲ್ಲ, ಹೊತ್ತು ತರಲೇಬೇಕು ಎಂಬ ಕಾನೂನೂ ಇತ್ತು. ಕೊಂದ ಪಾಪ ತಿಂದು ಪರಿಹಾರ ಎಂಬುದು ಅಲ್ಲಿನ ಸರ್ಕಾರಕ್ಕೂ ಗೊತ್ತಿದ್ದದ್ದು ಕಂಡು ಸಮಾಧಾನವಾಯಿತು.

ಹಿಮ ಬಿದ್ದ ಬೆಳಿಗ್ಗೆ

ಬೇಟೆಯ ಕಾಲ ಮುಗಿಯುತ್ತಾ ಬಂತು. ಹ್ಯಾರಲ್ಡರ ಮಂಡಿ ಊದಿಕೊಂಡಿತು. ಒಂದು ರಾತ್ರಿ ಹಿಮ ಬಿತ್ತು. ಇನ್ನು ಕೆಳಗಿಳಿಯದೆ ಗತಿಯಿಲ್ಲ, ಈ ಬೆಳಿಗ್ಗೆ ಒಂದು ಸಲ ನೋಡಿ ಹೊರಡೋಣ ಎಂದರು. ಅವರು ಷರಾಯಿಯ ಒಂದು ಕಾಲು ಮಡಿಸಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ದೂರದರ್ಶಕದ ಹತ್ತಿರ ನಾನಿದ್ದೆ.

ಎದುರಿನ ಇಳಿಜಾರಿನ ಹೊಸ ಹಿಮದ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಹೆಜ್ಜೆ ಗುರುತು ಕಂಡಿತು. ಗುರುತಿನ ಹಿಂದೆಯೇ ಕಣ್ಣು ಓಡಿಸಿದರೆ, ಒಂದು ಬಂಡೆಯ ಕೆಳಗೆ ಐದಾರು ಟಗರು ಮಲಗಿದ್ದವು. ಎಲ್ಲಕ್ಕಿಂತ ಮುಂದೆ ಒಂದು ಎದ್ದು ನಿಂತಿತ್ತು. ಅದನ್ನು ನೋಡಿದ ಗಳಿಗೆಯಲ್ಲೇ ನನಗೆ ಅದು ಬೇಕೆನಿಸಿತು. ಯಾಕೆಂದು ಹೇಳಲಾರೆ. ಅದರ ನಿಲುವು ಹಾಗಿತ್ತು.

“ಏನಾದ್ರೂ ಕಾಣುತ್ತಾ?” ಎಂದರು ಹ್ಯಾರಲ್ಡ್.

ಬೇಕೆನಿಸಿದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ, ಸೀದಾ ದೊಡ್ಡಬಳ್ಳಾಪುರದ ಸಂತೆಗೆ ಹೋಯಿತು. “ಏನಿಲ್ಲ ಬಿಡಿ, ಯಜಮಾನ್ರೇ. ಯಾವುದೋ ಮುದಿ ಪ್ರಾಣಿ. ಬಲಗಡೆ ಕೊಂಬು ಮುರ್ದೋಗಿದೆ.”

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. “ಎಡಗಡೇದು?”

“ಅದೂ ಮೊಂಡು. ಮೂಗಿನ ಮೇಲೆ ಇಷ್ಟುದ್ದ ಗಾಯ. ಬೆನ್ನು ಹಳ್ಳ ಬಿದ್ದಿದೆ, ಹೊಟ್ಟೆ ಜೋತಾಡ್ತಿದೆ.”

“ಇನ್ನೂ ಹೇಳು,” ಎಂದರು.

“ಪುಕ್ಕಟೆ ಕೊಟ್ರೂ ಯಾರೂ ಹೊಡ್ಕೊಂಡು ಹೋಗಲ್ಲ.”

ಅಷ್ಟರಲ್ಲಿ ಅವರು ಒಂದು ಕಾಲು ಬರಿದಾಗಿರುವಂತೆಯೇ ಹಿಮದ ಮೇಲೆ ತೆವಳಿಕೊಂಡು ಬಂದು ನನ್ನನ್ನು ಪಕ್ಕಕ್ಕೆ ನೂಕಿದ್ದರು. ನಾನು ಹಳಿದು ಹಳಿದು ಬೆಲೆ ಏರಿಸುತ್ತಿದ್ದೆ ಎಂಬುದು ಆಗ ಹೊಳೆಯಿತು. ಅವರು ಬಹಳ ಹೊತ್ತು ನೋಡಿದರು. ದೂರದರ್ಶಕದಿಂದ ಕಣ್ಣು ತೆಗೆದಾಗ ಆ ಕಣ್ಣಿನಲ್ಲಿ ನೀರಿತ್ತು. ಚಳಿಗೋ ಏನೋ.

ಗಾಳಿ ಎದುರಿಗಿತ್ತು, ಒಳ್ಳೆಯದಾಯಿತು. ಸುತ್ತು ಹಾಕಿಕೊಂಡು, ಒಂದು ಕೊರಕಲಿನಲ್ಲಿ ಇಳಿದು, ಮತ್ತೆ ಹತ್ತಿದೆವು. ಹ್ಯಾರಲ್ಡ್ ಮಂಡಿ ಊರುವ ಬದಲು ಕೂತುಕೊಂಡೇ ಜರುಗುತ್ತಿದ್ದರು. ಒಂದು ಸಲವೂ ನೋವೆನ್ನಲಿಲ್ಲ. ಹತ್ತಿರ ಹೋದ ಮೇಲೂ ತಕ್ಷಣ ಹೊಡೆಯಲಿಲ್ಲ. ತುದಿ ಮುರಿದ ಕೊಂಬು ಮುಕ್ಕಾಲು ಸುತ್ತಿಗೆ ಕಡಿಮೆ ಬಿದ್ದರೆ ಕಾನೂನಿಗೆ ತಪ್ಪು. ಟಗರು ಪೂರ್ತಿ ಪಕ್ಕಕ್ಕೆ ತಿರುಗಲೆಂದು ಕಾದರು. ತಿರುಗಿತು. ಎಡಗೊಂಬು ಮುಕ್ಕಾಲು ದಾಟಿತ್ತು. ಅವರು ಉಸಿರೊಳಗೇ ಉಂಗುರ ಎಣಿಸುತ್ತಿದ್ದರು. ಎಣಿಕೆ ಮುಗಿಯಿತು, ಆಮೇಲೆ ಗುಂಡಿನ ಸದ್ದು ಕೇಳಿತು.

ಗುಂಡಾದ ಮೇಲೆ

ಟಗರು ನಿಂತಲ್ಲೇ ಕುಸಿಯಿತು, ಒದ್ದಾಡಲಿಲ್ಲ. ಹ್ಯಾರಲ್ಡ್ ಬಂದೂಕನ್ನು ಕಲ್ಲಿನ ಮೇಲಿಟ್ಟು ಟೋಪಿ ತೆಗೆದರು. ಮುಖದಲ್ಲಿ ಸಾಲ ತೀರಿಸಿದವರ ನೆಮ್ಮದಿ ಇತ್ತು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಉಳಿದವು ಗುಡ್ಡ ದಾಟಿ ಓಡಿಹೋಗುತ್ತವೆ ಎಂದುಕೊಂಡಿದ್ದೆ. ನಾಲ್ಕು ಹೆಜ್ಜೆ ಓಡಿ ನಿಂತವು. ಆಮೇಲೆ ಒಂದೊಂದಾಗಿ ತಿರುಗಿ ಬಂದವು. ಚೂಪು ಕೊಂಬಿನ ಒಂದು ಎಳೆಯ ಟಗರು ಬಿದ್ದದ್ದರ ಬೆನ್ನಿಗೆ ಮೂಗು ತಾಗಿಸಿತು. ಮಿಕ್ಕವು ಸುತ್ತ ನಿಂತು ಅದನ್ನೇ ನೋಡುತ್ತಿದ್ದವು.

ಹ್ಯಾರಲ್ಡ್ ಎದ್ದು ಟೋಪಿ ಬೀಸಿದರು, ಚಪ್ಪಾಳೆ ತಟ್ಟಿದರು. ಸ್ವಲ್ಪ ಸರಿದು ಮತ್ತೆ ಬಂದು ನಿಂತವು. ಮೇಲಿನ ಶಿಖರಕ್ಕೆ ಮೋಡ ಕವಿಯತೊಡಗಿತ್ತು. ಇಬ್ಬರೂ ಅಲ್ಲೇ ಕೂತೆವು.

“ಯಾಕೆ ಹೋಗ್ತಿಲ್ಲ ಇವು?” ಎಂದರು.

ಬೇಡವೆಂದುಕೊಂಡರೂ ಹೇಳಿದೆ. “ಅದು ಏಳ್ಲಿ ಅಂತ ಕಾಯ್ತವೆ, ಯಜಮಾನ್ರೇ. ಮುಂದೆ ನಡೀತಿದ್ದಿದ್ದು ಅದೇ ಅಲ್ವಾ. ಹಿಮದಲ್ಲಿ ಹೆಜ್ಜೆ ನೋಡಿದ್ವಲ್ಲ, ಒಂದೇ ಸಾಲು.”

ಅವರು ಹೆಜ್ಜೆ ಸಾಲನ್ನೂ ಕೆಳಗಿನ ಇಳಿಜಾರನ್ನೂ ನೋಡಿದರು. ಆಮೇಲೆ, “ಚಳಿಗಾಲಕ್ಕೆ ಮೇಲೆಲ್ಲಾ ಹಿಮ ಮುಚ್ಚುತ್ತೆ, ಕೆಳಗೆ ಬಿಸಿಲು ಬೀಳೋ ಕಡೆ ಮಾತ್ರ ಹುಲ್ಲಿರುತ್ತೆ. ಅಲ್ಲಿಗೆ ಹೊರಟಿದ್ವು,” ಎಂದರು. “ನಿಮ್ಮ ಕಡೆ ಹೆಂಗೆ?” ಎಂದು ಕೇಳಿದರು.

“ನಮ್ಮಲ್ಲೂ ಹಿಂಡಿಗೆ ಒಂದು ಮುದಿ ಟಗರು ಇರುತ್ತೆ. ದಾರಿ, ನೀರು, ನೆರಳು ಎಲ್ಲಾ ಅದಕ್ಕೇ ಗೊತ್ತು. ಮಿಕ್ಕವು ಅದರ ಹಿಂದೆ ಹೋಗ್ತವೆ. ಅದನ್ನ ಮಾರಲ್ಲ.”

“ಹಲ್ಲು ಸವೆದ್ಮೇಲೆ?”

“ರಾಗಿ ಅಂಬಲಿ ಕುಡಿಸ್ತೀವಿ.”

ಹ್ಯಾರಲ್ಡ್ ನನ್ನ ಮುಖ ನೋಡಲಿಲ್ಲ. ಅವರು ಅಷ್ಟು ವರ್ಷ ಕೂಡಿ ಕಳೆದು ಇಟ್ಟುಕೊಂಡಿದ್ದ ಲೆಕ್ಕವನ್ನು ನಾನು ಒಂದು ಮಾತಿನಲ್ಲಿ ಕೆಡಿಸಿಬಿಟ್ಟಿದ್ದೆ.

ಅಷ್ಟರಲ್ಲಿ ಆ ಚೂಪು ಕೊಂಬಿನ ಟಗರು ಹೊರಟಿತು. ಉಳಿದವು ಬಿದ್ದದ್ದನ್ನು ಒಂದು ಸಲ, ಹೊರಟದ್ದನ್ನು ಒಂದು ಸಲ ನೋಡಿ, ಸಾಲುಗಟ್ಟಿ ಹಿಂದೆ ನಡೆದವು. ಅದು ಇಳಿಜಾರಿನ ಕಡೆಗೆ ಹೋಗಲಿಲ್ಲ. ಮೋಡ ಕವಿದಿದ್ದ ಶಿಖರದ ಕಡೆಗೆ, ಬಂದ ದಾರಿಯಲ್ಲೇ ಮೇಲಕ್ಕೆ ಹತ್ತತೊಡಗಿತು.

ಹ್ಯಾರಲ್ಡ್ ತಟ್ಟನೆ ಎದ್ದರು. ಮಂಡಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಕುಂಟುತ್ತಾ ಹೋಗಿ, “ಆ ಕಡೆ ಅಲ್ಲ, ಕೆಳಕ್ಕೆ, ಕೆಳಕ್ಕೆ ಹೋಗಿ,” ಎಂದು ಕೂಗಿದರು. ಆ ಕೂಗಿಗೆ ಹೆದರಿ ಅವು ಇನ್ನೂ ಬೇಗ ಬೇಗ ಮೇಲಕ್ಕೆ ಹತ್ತಿದವು.